ರೆಕಾರ್ಡರಿನಲ್ಲಿ ಓಡುವ ಡಿವಿಡಿ ಕಂಪ್ಯೂಟರಿನಲ್ಲಿ ಖಾಲಿ ಎಂದು ಬರುತ್ತಿದೆ

ಪ್ರಶ್ನೆ, ದಾವಣಗೆರೆಯಿಂದ

ನಮ್ಮ ತಂದೆ ನಿವೃತ್ತರಾದ ಮೇಲೆ ಡಿವಿಡಿ ರೆಕಾರ್ಡರ್ ಕೊಂಡು, ಮನೆಯ ವಿಡಿಯೋ ಕ್ಯಾಸೆಟ್‌ಗಳನ್ನೆಲ್ಲ ಕೂತು ಡಿಸ್ಕಿಗೆ ಇಳಿಸಿದ್ದರು. ಅಕ್ಕನ ಮದುವೆ, ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ದುರ್ಗಾಂಬಿಕಾ ಜಾತ್ರೆ, ಎಲ್ಲರೂ ಚಿತ್ರದುರ್ಗದ ಕೋಟೆಗೆ ಹೋಗಿದ್ದು. ಓಬವ್ವನ ಕಿಂಡಿಯ ಮುಂದೆ ನಿಂತು ಅಪ್ಪ ಮಕ್ಕಳಿಗೆ ಒನಕೆಯ ಕಥೆ ಹೇಳುತ್ತಾರೆ. ಅವರ ದನಿ ನಮ್ಮಲ್ಲಿ ಉಳಿದಿರುವುದು ಅದೊಂದರಲ್ಲೇ.

ಒಟ್ಟು ಹನ್ನೊಂದು ಡಿಸ್ಕ್. ಏಳು ಕಂಪ್ಯೂಟರಿನಲ್ಲಿ ತೆರೆಯುತ್ತವೆ. ಕೋಟೆಯದ್ದೂ ಸೇರಿ ನಾಲ್ಕು ಖಾಲಿ ಎಂದು ತೋರಿಸುತ್ತವೆ, ಆದರೆ ರೆಕಾರ್ಡರಿನಲ್ಲಿ ಚೆನ್ನಾಗಿ ಓಡುತ್ತವೆ. ಅಂಗಡಿಯೊಂದರಲ್ಲಿ ಕೇಳಿದರೆ ಡಿಸ್ಕ್ ಕೆಟ್ಟಿದೆ, ಬಿಸಾಡಿ ಎಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ, ಚಿತ್ರದುರ್ಗದಿಂದ

ಅಕ್ಕಾ, ದಯವಿಟ್ಟು ಬಿಸಾಡಬೇಡಿ. ಮದುವೆ ವಿಡಿಯೋ ತೆಗೆಯುವ ನನ್ನ ಬಳಿಗೂ ಇಂಥ ಡಿಸ್ಕ್‌ಗಳು ಬರುತ್ತವೆ. ರೆಕಾರ್ಡರಿನಲ್ಲಿ ಓಡುವ ಡಿಸ್ಕ್ ಕೆಟ್ಟಿಲ್ಲ. ಅದನ್ನು ಫೈನಲೈಸ್ ಮಾಡಿಲ್ಲ, ಅಷ್ಟೇ. ಒಳಗೆ ಏನಿದೆ ಎಂಬ ಪಟ್ಟಿಯನ್ನು ಬೇರೆ ಯಂತ್ರಗಳು ಓದುವ ಹಾಗೆ ಬರೆದು ಮುಗಿಸುವುದು ಆ ಹಂತದಲ್ಲಿ. ಅದೇ ರೆಕಾರ್ಡರಿಗೆ ಹಾಕಿ, ಡಿಸ್ಕ್ ಸೆಟ್ಟಿಂಗ್ ಮೆನುವಿನಲ್ಲಿ ಫೈನಲೈಸ್ ಆರಿಸಿ. ಅದರ ಹತ್ತಿರವೇ ಫಾರ್ಮ್ಯಾಟ್ ಎಂದೋ ಇನಿಶಿಯಲೈಸ್ ಎಂದೋ ಇರುತ್ತದೆ. ಅದನ್ನು ಒತ್ತಿದರೆ ಮರುಬಳಕೆಯ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೂ ಬೇಡ ಎನ್ನಿ. ನಡುವೆ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಅದಕ್ಕೇ ಜೋಡಿಸಿ.

ಇನ್ನೊಂದು ಉತ್ತರ

ತೆರೆಯುವ ಡಿಸ್ಕ್‌ಗಳ ಬಗ್ಗೆ ಒಂದು ಮಾತು. ವಿಡಿಯೋ ಟಿಎಸ್ ಎಂಬ ಫೋಲ್ಡರಿನಲ್ಲಿ ಚಿತ್ರ, ದನಿ ಇರುವ ವಿಒಬಿ ಫೈಲುಗಳು ಒಂದೊಂದು ಜಿಬಿಯಷ್ಟು ತುಂಡಾಗಿರುತ್ತವೆ. ಬಿಡಿಬಿಡಿಯಾಗಿ ಎತ್ತಿಕೊಳ್ಳದೆ ಇಡೀ ಫೋಲ್ಡರನ್ನೇ ನಕಲು ಮಾಡಿಡಿ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಅವನ್ನು ಗುಣಮಟ್ಟ ಕುಂದದಂತೆ ಒಂದೇ ಫೈಲಾಗಿ ಜೋಡಿಸುತ್ತದೆ. ಮೊಬೈಲಿಗೆ ಕಳಿಸಲು ಚಿಕ್ಕದು ಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ತಂತ್ರಾಂಶ ಇದೆ. ಅದರಲ್ಲಿ ಡಿಇಂಟರ್ಲೇಸ್ ಆರಿಸಿ, ಇಲ್ಲವಾದರೆ ಓಡುವ ಮಕ್ಕಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ. ನಮ್ಮ ಡಿವಿಡಿಗಳ ಪೂರ್ಣ ಅಳತೆ 720x576 ಪಿಕ್ಸೆಲ್. ಅದನ್ನು ಹಿಗ್ಗಿಸಿದರೆ ಹೊಸ ವಿವರವೇನೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಮೂರು ಡಿಸ್ಕ್ ಫೈನಲೈಸ್ ಆದವು, ಕಂಪ್ಯೂಟರಿನಲ್ಲೂ ತೆರೆದವು. ಕೋಟೆಯದ್ದು ಮಾತ್ರ ಎರಡು ಸಲವೂ ದೋಷ ತೋರಿಸಿತು. ಮೂರನೆಯ ಸಲ ಒತ್ತಲು ಕೈ ಬರುತ್ತಿಲ್ಲ.

ಉತ್ತರ, ಚಿತ್ರದುರ್ಗದಿಂದ

ಒತ್ತಬೇಡಿ. ಇನ್ನೂ ಓಡುತ್ತಿದೆಯಲ್ಲ, ಓಡುವಾಗಲೇ ಹಿಡಿಯಿರಿ. ಓಡುವ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಿಗುತ್ತದೆ. ರೆಕಾರ್ಡರಿನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಅದಕ್ಕೆ ಸಿಕ್ಕಿಸಿ. ಒಂದು ಗಂಟೆಯ ಚಿತ್ರಕ್ಕೆ ಒಂದು ಗಂಟೆಯೇ ಬೇಕು. ಮೊದಲು ಎರಡು ನಿಮಿಷ ಹಿಡಿದು, ದನಿ ಬಂದಿದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಪೂರ್ತಿ ಹಿಡಿದೆ, ತಮ್ಮಾ. ಗಾಳಿಯ ಸದ್ದು ಜಾಸ್ತಿ ಇದೆ, ಆದರೂ ಅಪ್ಪ ಹೇಳುವ ಒಂದೊಂದು ಮಾತೂ ಕೇಳುತ್ತದೆ. ಅಕ್ಕನಿಗೆ ಇವತ್ತು ಪೆನ್‌ಡ್ರೈವ್ ಕೊಟ್ಟು ಬರುತ್ತೇನೆ.