ಓಹಾಯೊ ಸ್ಟೇಟ್: 2024ರ ತಂಡವನ್ನು 2014ರ ತಂಡದ ಜೊತೆ ಹೇಗೆ ಹೋಲಿಸುತ್ತೀರಿ?

ಪ್ರಶ್ನೆ, ಮಿಷಿಗನ್‌ನ ಕ್ಯಾಂಟನ್‌ನಿಂದ:

ಮಗಳು ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಹಾಗಾಗಿ ಮನೆಮಂದಿಯೆಲ್ಲ ಮಿಷಿಗನ್ ಕಡೆ. ನನ್ನ ಕೆಲಸ ಮಾತ್ರ ಟೊಲಿಡೊದಲ್ಲಿ. ಗಡಿಯ ಊರು, ಅರ್ಧ ಆಫೀಸು ಕೊಲಂಬಸ್‌ನ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಭಕ್ತರು. 2025ರ ಜನವರಿ 20ರಂದು ಅವರು ನೋಟ್ರ ಡೇಮ್ ತಂಡವನ್ನು 34-23ರಿಂದ ಸೋಲಿಸಿ 2024ರ ಸೀಸನ್‌ನ ಅಮೆರಿಕನ್ ಕಾಲೇಜು ಫುಟ್‌ಬಾಲ್ ಚಾಂಪಿಯನ್ ಆದರಲ್ಲ, ಅವತ್ತಿನಿಂದ ಊಟದ ಹೊತ್ತಿಗೆ ಒಂದೇ ಮಾತು: "ಇದು 2014ರ ಕಥೆಯೇ. ಇನ್ನೂ ದೊಡ್ಡದು." ನಾನು ಈ ದೇಶಕ್ಕೆ ಬಂದಿದ್ದು ಆಮೇಲೆ, ಆಗ ಚಾಂಪಿಯನ್ ಆದ ಆ ತಂಡವನ್ನು ನೋಡಿಲ್ಲ. ಸುಮ್ನೆ ತಲೆಯಾಡಿಸಿಕೊಂಡು ಕೂತಿದ್ದೇನೆ. ಎರಡೂ ಸೀಸನ್ ನೋಡಿದವರು ಹೇಳಿ: ಹೋಲಿಕೆ ಸರಿನಾ? ಏನನ್ನು ನೋಡಿ ಅಳೆಯಬೇಕು?

ಆ್ಯನ್ ಆರ್ಬರ್‌ನಲ್ಲೇ ಓದಿ ಇಲ್ಲೇ ಉಳಿದವರೊಬ್ಬರು:

ಎದುರಾಳಿ ತಂಡದ ಬಗ್ಗೆ ನ್ಯಾಯವಾಗಿ ಮಾತಾಡುವುದು ಕಷ್ಟ ಸಾರ್, ಆದರೂ ಪ್ರಯತ್ನಿಸುತ್ತೇನೆ. ಗೆಲುವು ಸೋಲಿನ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. 2014ರಲ್ಲಿ 14-1, ಈ ಸಲ 14-2. ಇದರಿಂದ ಏನೂ ಗೊತ್ತಾಗಲ್ಲ. ಯಾವಾಗ ಸೋತರು, ಸೋತ ಮೇಲೆ ಏನು ಬದಲಾಯಿಸಿದರು, ಅದನ್ನು ನೋಡಿ.

2014ರಲ್ಲಿ ಅವರ ಸೀಸನ್ ಶುರುವಾಗುವ ಮೊದಲೇ ಮುರಿದಿತ್ತು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್‌ಗೆ ಆಗಸ್ಟ್‌ನಲ್ಲೇ ಭುಜಕ್ಕೆ ಪೆಟ್ಟು. ಅವನ ಜಾಗಕ್ಕೆ ಬಂದ ಜೆ.ಟಿ. ಬ್ಯಾರೆಟ್ ಕಾಲೇಜು ಮಟ್ಟದಲ್ಲಿ ಆಡಿಯೇ ಇರಲಿಲ್ಲ. ಮುಂದೆ ನಿಂತು ಅವನನ್ನು ಕಾಯಬೇಕಾದ ಆಫೆನ್ಸಿವ್ ಲೈನಿನಲ್ಲೂ ಹೆಚ್ಚಿನವರು ಹೊಸಬರು. ಎರಡನೇ ಪಂದ್ಯದಲ್ಲೇ, ಅದೂ ತಮ್ಮದೇ ಕ್ರೀಡಾಂಗಣದಲ್ಲಿ, ವರ್ಜೀನಿಯಾ ಟೆಕ್ ಕೈಯಲ್ಲಿ 35-21ರ ಸೋಲು. ಬ್ಯಾರೆಟ್‌ಗೆ ಮೂರು ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈಗೆ), ಏಳು ಸ್ಯಾಕ್ (ಎಸೆಯುವ ಮೊದಲೇ ಕೆಡವಿದ್ದು). ಅವತ್ತು ರಾತ್ರಿ ನಾವು ಇಲ್ಲಿ ಎಷ್ಟು ಖುಷಿಪಟ್ಟೆವು ಅನ್ನುವುದನ್ನು ಹೇಳದಿರುವುದೇ ವಾಸಿ.

ಆದರೆ ಅದು ಸೆಪ್ಟೆಂಬರ್ 6. ಅವರ ಮುಂದೆ ಮೂರು ತಿಂಗಳಿತ್ತು. ಆ ಲೈನ್ ವಾರದಿಂದ ವಾರಕ್ಕೆ ಗಟ್ಟಿಯಾಯಿತು, ಬ್ಯಾರೆಟ್ ಬೆಳೆದ. ನವೆಂಬರ್ ಕೊನೆಗೆ ನಮ್ಮನ್ನು 42-28ರಿಂದ ಸೋಲಿಸಿದ ಪಂದ್ಯದಲ್ಲೇ ಅವನ ಪಾದದ ಗಂಟು ಮುರಿಯಿತು. ಇನ್ನು ಮುಗಿಯಿತು ಅಂದುಕೊಂಡೆವು. ಮುಂದಿನ ವಾರ ಮೂರನೇ ಕ್ವಾರ್ಟರ್‌ಬ್ಯಾಕ್ ಕಾರ್ಡೇಲ್ ಜೋನ್ಸ್ ಮೊದಲ ಸಲ ಶುರುವಿನಿಂದ ಆಡಿದ. ನಮ್ಮಿಬ್ಬರ ಲೀಗಾದ ಬಿಗ್ ಟೆನ್‌ನ ಫೈನಲ್, ಎದುರಿಗೆ ವಿಸ್ಕಾನ್ಸಿನ್. ಸ್ಕೋರ್ 59-0! ಆ ಒಂದು ಪಂದ್ಯದಿಂದ, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ತಂಡ ಆರಿಸುವ ಸಮಿತಿಯ ರ‍್ಯಾಂಕಿಂಗ್‌ನಲ್ಲಿ ಐದರಿಂದ ನಾಲ್ಕಕ್ಕೆ ಏರಿದರು. ಮೂರನೇ ಸ್ಥಾನದಲ್ಲಿದ್ದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿವಿ) ಅದೇ ದಿನ 55-3ರಿಂದ ಗೆದ್ದೂ ಆರಕ್ಕೆ ಬಿತ್ತು. ಅದು ಪ್ಲೇಆಫ್‌ನ ಮೊದಲ ವರ್ಷ, ಜಾಗ ನಾಲ್ಕೇ ತಂಡಗಳಿಗೆ. ಆಮೇಲೆ ಅಲಬಾಮ ಮೇಲೆ 42-35, ಫೈನಲ್‌ನಲ್ಲಿ ಒರೆಗಾನ್ ಮೇಲೆ 42-20. ಈ ಮೂರು ಪಂದ್ಯಗಳಲ್ಲಿ ಎಜೆಕಿಯಲ್ ಎಲಿಯಟ್ ಚೆಂಡು ಹಿಡಿದು ಓಡಿದ್ದು 220, 230, 246 ಯಾರ್ಡ್. ಎದುರಾಳಿ ಅಂತ ಮುಖ ತಿರುಗಿಸಿಕೊಂಡು ಕೂತಿದ್ದರೂ ನೋಡದೆ ಇರಲಾಗಲಿಲ್ಲ.

ಈ ಸಲದ್ದು ಪೂರ್ತಿ ಉಲ್ಟಾ. ಮೊದಲ ದಿನದಿಂದಲೂ ಗೆಲ್ಲುವ ನಿರೀಕ್ಷೆ ಇದ್ದವರ ಸಾಲಿನಲ್ಲಿ ಇವರಿದ್ದರು. ಅಕ್ಟೋಬರ್‌ನಲ್ಲಿ ಒರೆಗಾನ್ ನೆಲದಲ್ಲಿ 32-31ರ ಸೋಲು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ದೊಡ್ಡ ಸೋಲು ಬಂದಿದ್ದು ನವೆಂಬರ್ 30ಕ್ಕೆ, ನಮ್ಮ ಕೈಯಲ್ಲಿ, ಕೊಲಂಬಸ್‌ನಲ್ಲಿ, 13-10. ಲೀಗಿನ ಕೊನೆಯ ಪಂದ್ಯ. ತಿದ್ದಿಕೊಳ್ಳಲು ಮುಂದೆ ಪಂದ್ಯಗಳೇ ಇರಲಿಲ್ಲ. ಬಿಗ್ ಟೆನ್ ಫೈನಲ್‌ಗೂ ಹೋಗಲಿಲ್ಲ. ಆಯ್ಕೆ ಸಮಿತಿಯ ಕೊನೆಯ ಪಟ್ಟಿಯಲ್ಲಿ ಆರನೆಯವರು. 2014ರ ನಿಯಮವೇ ಇದ್ದಿದ್ದರೆ ಅವತ್ತೇ ಮನೆಗೆ. 2024ರಿಂದ ಪ್ಲೇಆಫ್‌ಗೆ 12 ತಂಡ, ಹಾಗಾಗಿ ಉಳಿದರು.

ಹಾಗಾಗಿ ನಿಮ್ಮ ಆಫೀಸಿನವರಿಗೆ ಹೀಗೆ ಹೇಳಿ: 2014ರ ತಂಡ ಒಂದೇ ಒಂದು ಸಲ ಎಡವಬಹುದಿತ್ತು, ಆ ಅವಕಾಶವನ್ನು ಸೆಪ್ಟೆಂಬರ್‌ನಲ್ಲೇ ಖರ್ಚು ಮಾಡಿ ಮಿಕ್ಕ ಪಂದ್ಯಗಳನ್ನೆಲ್ಲ ಗೆದ್ದಿತು. 2024ರ ತಂಡಕ್ಕೆ ಎರಡನೇ ಅವಕಾಶ ಸಿಕ್ಕಿತು.

ಕೊಲಂಬಸ್‌ನಿಂದ ಒಬ್ಬರು ಅಕ್ಕ:

ಅಣ್ಣ ಎಷ್ಟು ಚೆನ್ನಾಗಿ ಸುತ್ತಿ ಬಳಸಿ ನಮ್ಮನ್ನು ಕಡಿಮೆ ಮಾಡಿಬಿಟ್ಟರು ನೋಡಿ. ಅವಕಾಶ ಸಿಕ್ಕಿತು, ನಿಜ. ಸಿಕ್ಕ ಮೇಲೆ ಯಾರನ್ನು ಸೋಲಿಸಿದರು ಅನ್ನೋದನ್ನೂ ಹೇಳಬೇಕು ಅಲ್ವಾ? ಟೆನಿಸಿ 42-17, ಒರೆಗಾನ್ 41-21, ಟೆಕ್ಸಸ್ 28-14, ನೋಟ್ರ ಡೇಮ್ 34-23. ಅದೇ ಸಮಿತಿಯ ಪಟ್ಟಿಯಲ್ಲಿ ಏಳು, ಒಂದು, ಮೂರು, ಐದನೇ ತಂಡಗಳು. ಸತತ ನಾಲ್ಕು. 2014ರಲ್ಲಿ ಪ್ಲೇಆಫ್ ಅಂದರೆ ಎರಡೇ ಪಂದ್ಯ. ಈ ಸಲ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಅಲ್ಲಿಯವರೆಗೆ ಒಂದೂ ಸೋಲದ ಒರೆಗಾನ್ ವಿರುದ್ಧ ಮೊದಲರ್ಧದಲ್ಲೇ 34-0 ಇತ್ತು! ನಾನು ಎರಡೂ ಸೀಸನ್ ಇಲ್ಲೇ ಇದ್ದು ನೋಡಿದವಳು. 2014ರದ್ದು ಜಾಸ್ತಿ ಪ್ರೀತಿ, 2024ರದ್ದು ಜಾಸ್ತಿ ಒಳ್ಳೆಯ ತಂಡ.

ಆದರೆ ಒಂದು ಮಾತು ಒಪ್ಪುತ್ತೇನೆ. ಮಿಷಿಗನ್ ಸೋತ ವರ್ಷ ನಮ್ಮ ಆಟಗಾರರಿಗೆ ಚಿನ್ನದ ಚಡ್ಡಿಯ ಪುಟ್ಟ ಪದಕ ಕೊಡುತ್ತಾರೆ, 1934ರಿಂದ ಬಂದ ಪದ್ಧತಿ. ಜ್ಯಾಕ್ ಸಾಯರ್, ಎಮೆಕಾ ಎಗ್ಬುಕಾ ಥರದವರು 2021ರಲ್ಲಿ ಸೇರಿದವರು. ವೃತ್ತಿಪರ ಲೀಗಿಗೆ ಹೋಗಬಹುದಿತ್ತು, ಹೋಗದೆ ಇನ್ನೊಂದು ವರ್ಷ ಉಳಿದರು. ಮಿಷಿಗನ್ ಮುಂದೆ ನಾಲ್ಕಕ್ಕೆ ನಾಲ್ಕೂ ಸೋತು ಹೊರಟರು. ಕಪ್ ಬಂತು, ಚಡ್ಡಿ ಬರಲಿಲ್ಲ. ಇಲ್ಲಿ ಇದನ್ನು ಜೋಕ್ ಅಂತ ಯಾರೂ ತಗೊಳಲ್ಲ.

ಪಂದ್ಯಗಳನ್ನು ಮತ್ತೆ ಮತ್ತೆ ನೋಡುವ ಹುಚ್ಚಿರುವ ಒಬ್ಬರು:

ಅಂಕಿ ಅಂಶ ಓದಿ ವಾದ ಮಾಡಬೇಡಿ, ಸಾಕಾಗುತ್ತದೆ. ಒಂದು ಶನಿವಾರ ಕೂತು ನಾಲ್ಕು ಪಂದ್ಯ ನೋಡಿ: 2014ರ ವರ್ಜೀನಿಯಾ ಟೆಕ್ ಮತ್ತು ವಿಸ್ಕಾನ್ಸಿನ್, 2024ರ ಮಿಷಿಗನ್ ಮತ್ತು ಟೆನಿಸಿ. ಒಂದು ಜೋಡಿಯ ನಡುವೆ ಮೂರು ತಿಂಗಳು, ಇನ್ನೊಂದರ ನಡುವೆ ಮೂರು ವಾರ.

ಎರಡನೇ ಜೋಡಿಯೇ ಸ್ವಾರಸ್ಯ. ಆಫೆನ್ಸಿವ್ ಲೈನಿನ ಎಡಗಡೆ ಕಾಯುವ ಟ್ಯಾಕಲ್ ಜಾಶ್ ಸಿಮನ್ಸ್‌ಗೆ ಅಕ್ಟೋಬರ್‌ನಲ್ಲಿ ಮಂಡಿ ಪೆಟ್ಟು, ಲೈನಿನ ನಡುವೆ ನಿಲ್ಲುವ ಸೆಂಟರ್ ಸೆತ್ ಮೆಕ್‌ಲಾಫ್ಲಿನ್‌ಗೆ ನವೆಂಬರ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟು. ತೇಪೆ ಹಾಕಿದ ಆ ಲೈನ್ ಇಟ್ಟುಕೊಂಡು, ಮಿಷಿಗನ್‌ನ ದೈತ್ಯರು ನಿಂತಿದ್ದ ಮಧ್ಯದಲ್ಲೇ ಓಡಲು ಹಟ ಹಿಡಿದರು. ಎಸೆದ ಚೆಂಡು ಹಿಡಿಯಲು ಜೆರಮೈಯಾ ಸ್ಮಿತ್‌ನಂಥವನು ಮೈದಾನದ ಅಂಚಿನಲ್ಲಿ ನಿಂತಿದ್ದಾನೆ, ಅವತ್ತು ಅವನಿಗೆ ಸಿಕ್ಕಿದ್ದು 35 ಯಾರ್ಡ್! ಜೊತೆಗೆ ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯುವ ಹೊಡೆತ) ತಪ್ಪಿತು, ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಎರಡು ಇಂಟರ್‌ಸೆಪ್ಷನ್ ಎಸೆದ. ಮಿಷಿಗನ್ ಪಾಸ್ ಮಾಡಿ ಗಳಿಸಿದ್ದು ಬರೀ 62 ಯಾರ್ಡ್, ಆದರೂ ಗೆದ್ದಿತು. ಮೂರು ವಾರ ಬಿಟ್ಟು ಅದೇ ಜನ, ಅದೇ ಕ್ರೀಡಾಂಗಣ. ಟೆನಿಸಿ ವಿರುದ್ಧ ಶುರುವಿನಿಂದಲೇ ಎಸೆತ, ಮೊದಲ ಕ್ವಾರ್ಟರ್‌ಗೆ 21-0. ಸ್ಮಿತ್‌ಗೆ 103 ಯಾರ್ಡ್, ಎರಡು ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿದ್ದು). ಮುಂದಿನ ಪಂದ್ಯದಲ್ಲಿ 187.

ಅಂದರೆ 2014ರ ತಂಡ ಆಡುತ್ತಾ ಆಡುತ್ತಾ ಬೆಳೆಯಿತು. 2024ರ ತಂಡ ಮೊದಲೇ ಬೆಳೆದಿತ್ತು, ತನ್ನ ಕೈಯಲ್ಲಿ ಏನಿದೆ ಅಂತ ತಡವಾಗಿ ನೋಡಿಕೊಂಡಿತು. ಇವೆರಡು ಒಂದೇ ಥರದ ಕಥೆ ಅಂತ ನನಗನಿಸಲ್ಲ.

ಕ್ಲೀವ್‌ಲ್ಯಾಂಡ್‌ನಿಂದ:

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. 2014ರಲ್ಲಿ ಆಟಗಾರ ಕಾಲೇಜು ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು, ಜಾಹೀರಾತಿನ ದುಡ್ಡು ಮುಟ್ಟುವಂತಿರಲಿಲ್ಲ. ಈಗ ಎರಡಕ್ಕೂ ಬಾಗಿಲು ತೆರೆದಿದೆ. ಹೊವರ್ಡ್ ಬಂದಿದ್ದು ಕ್ಯಾನ್ಸಸ್ ಸ್ಟೇಟ್‌ನಿಂದ, ಕ್ವಿನ್‌ಶಾನ್ ಜಡ್‌ಕಿನ್ಸ್ ಓಲ್ ಮಿಸ್‌ನಿಂದ, ಕೇಲೆಬ್ ಡೌನ್ಸ್ ಅಲಬಾಮದಿಂದ. ಇಡೀ ತಂಡಕ್ಕೆ ಸುಮಾರು 2 ಕೋಟಿ ಡಾಲರ್ ಅಂತ ಅವರ ಕ್ರೀಡಾ ನಿರ್ದೇಶಕರೇ ಹೇಳಿದ್ದರು. ಜೋನ್ಸ್ ಥರ ಬೆಂಚಿನಲ್ಲಿ ಕಾದು ಕೂತ ಮೂರನೇ ಹುಡುಗ ಈಗಿನ ಕಾಲದಲ್ಲಿ ಡಿಸೆಂಬರ್‌ವರೆಗೆ ಅಲ್ಲೇ ಇರುತ್ತಿದ್ದನಾ? ನನಗಂತೂ ಅನುಮಾನ.

ಮತ್ತೆ ಕ್ಯಾಂಟನ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಪಂದ್ಯದ ಸಲಹೆ ಮಗಳಿಗೂ ಹಿಡಿಸಿತು. ಆದರೆ ಒಂದು ಹೊಟ್ಟೆಯುರಿ ಉಳಿದಿದೆ. ನಮ್ಮ 13-10ರಿಂದಲೇ ಅವರು ಎಚ್ಚೆತ್ತರು ಅಂತ ಆಫೀಸಿನಲ್ಲಿ ಹೇಳುತ್ತಾರೆ. ಹಾಗಾದರೆ ಆ ಗೆಲುವಿಗೆ ಬೆಲೆ ಇಲ್ವಾ?

ಆ್ಯನ್ ಆರ್ಬರ್‌ನವರು:

ಯಾಕಿಲ್ಲ? ಸುಮಾರು 20 ಪಾಯಿಂಟ್‌ನಿಂದ ಸೋಲುತ್ತಾರೆ ಅಂತ ಎಲ್ಲರೂ ಬರೆದ ತಂಡ ನಮ್ಮದು. ನಮ್ಮ ಮುಖ್ಯ ಆಟಗಾರರಾದ ವಿಲ್ ಜಾನ್ಸನ್ ಇಲ್ಲ, ಕೋಲ್ಸ್‌ಟನ್ ಲವ್‌ಲ್ಯಾಂಡ್ ಇಲ್ಲ. ಕೇಲೆಲ್ ಮಲಿಂಗ್ಸ್ 116 ಯಾರ್ಡ್ ಓಡಿದ, 45 ಸೆಕೆಂಡ್ ಉಳಿದಿದ್ದಾಗ ಡಾಮಿನಿಕ್ ಜ್ವಾಡಾ 21 ಯಾರ್ಡ್‌ನಿಂದ ಫೀಲ್ಡ್ ಗೋಲ್ ಹೊಡೆದ. ಅವರು ಚಾಂಪಿಯನ್ ಆದರು ಅಂದರೆ ನಾವು ಚಾಂಪಿಯನ್ನರನ್ನು ಅವರ ಮನೆಯಲ್ಲೇ ಸೋಲಿಸಿದೆವು ಅಂತಾಯಿತು. ಲೆಕ್ಕ ನಮ್ಮ ಕಡೆಗೂ ಬರುತ್ತದೆ.

ಕೊಲಂಬಸ್ ಅಕ್ಕ:

ಆ ಲೆಕ್ಕ ನೀವೇ ಇಟ್ಟುಕೊಳ್ಳಿ ಅಣ್ಣ. ಕಪ್ ಇಲ್ಲಿದೆ.

ಲ್ಯಾನ್ಸಿಂಗ್‌ನಿಂದ, ಮಿಷಿಗನ್ ಸ್ಟೇಟ್ ಅನ್ನುವ ಬೇರೆ ವಿಶ್ವವಿದ್ಯಾಲಯದ ಕಡೆಯವರು:

ನಿಮ್ಮಿಬ್ಬರ ಜಗಳದಲ್ಲಿ ನಾವು ಹೊರಗಿನವರು, ಹಾಗಾಗಿ ಸ್ವಲ್ಪ ಬೇರೆ ಸಲಹೆ. 2014ನ್ನು ಬಿಡಿ, 2015ನ್ನು ತೆಗೆಯಿರಿ. ಗೆದ್ದ ತಂಡದ ಹೆಚ್ಚಿನವರು ಆ ವರ್ಷ ವಾಪಸ್ ಬಂದಿದ್ದರು. ಬ್ಯಾರೆಟ್ ಇದ್ದ, ಜೋನ್ಸ್ ಇದ್ದ, ಎಲಿಯಟ್ ಇದ್ದ. ವೃತ್ತಿಪರ ಲೀಗು ಹೊಸ ಆಟಗಾರರನ್ನು ಆರಿಸುವ 2016ರ ಡ್ರಾಫ್ಟ್‌ನಲ್ಲಿ ಆ ತಂಡದಿಂದ 12 ಜನ ಆಯ್ಕೆಯಾದರು, ಮೊದಲ ಸುತ್ತಿನಲ್ಲೇ ಐವರು. ಅಷ್ಟಿದ್ದೂ ನವೆಂಬರ್‌ನಲ್ಲಿ ಕೊಲಂಬಸ್‌ಗೆ ಹೋಗಿ ನಾವು 17-14ರಿಂದ ಸೋಲಿಸಿದೆವು. ಕೊನೆ ಕ್ಷಣದಲ್ಲಿ ಮೈಕಲ್ ಗೈಗರ್ 41 ಯಾರ್ಡ್ ಫೀಲ್ಡ್ ಗೋಲ್. ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಅವತ್ತು ಆಡಿರಲೇ ಇಲ್ಲ. ಅದೊಂದೇ ಸೋಲಿಗೆ ಅವರು ಬಿಗ್ ಟೆನ್ ಫೈನಲ್ ಮತ್ತು ಪ್ಲೇಆಫ್ ಎರಡರಿಂದಲೂ ಹೊರಗೆ.

2014 ಮುಗಿದ ಮೇಲೆ ಅವರ ಆಫೆನ್ಸ್ ಕೋಚ್ ಟಾಮ್ ಹರ್ಮನ್ ಹ್ಯೂಸ್ಟನ್‌ಗೆ ಹೋಗಿದ್ದರು. 2024 ಮುಗಿದ ಮೇಲೂ ನೋಡಿ, ಡಿಫೆನ್ಸ್ ಕೋಚ್ ಜಿಮ್ ನೋಲ್ಸ್ ಪೆನ್ ಸ್ಟೇಟ್‌ಗೆ ಹೊರಟರು, ಆಫೆನ್ಸ್ ನೋಡಿಕೊಳ್ಳುತ್ತಿದ್ದ ಚಿಪ್ ಕೆಲ್ಲಿ ವೃತ್ತಿಪರ ಲೀಗಿಗೆ. ಆಟಗಾರರ ಮಟ್ಟಿಗೆ 2015ಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಹೊವರ್ಡ್, ಎಗ್ಬುಕಾ, ಸಾಯರ್, ಜಡ್‌ಕಿನ್ಸ್ ಎಲ್ಲ ಹೋದರು, ಸ್ಮಿತ್ ಮತ್ತು ಡೌನ್ಸ್ 2025ರ ಸೀಸನ್‌ಗೆ ಉಳಿದರು. ಆ ಸೀಸನ್‌ನ ಮೊದಲ ಪಂದ್ಯವೇ ಟೆಕ್ಸಸ್ ಜೊತೆ, 2025ರ ಆಗಸ್ಟ್ 30ಕ್ಕೆ ಇತ್ತು. ಟೊಲಿಡೊದಲ್ಲಿ ಊಟಕ್ಕೆ ಕೂತಾಗ 2024 ಬಿಟ್ಟು 2025ರ ಬಗ್ಗೆ ಕೇಳಿ, ಹೊವರ್ಡ್ ಜಾಗಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಯಾರು ಅಂತ.