ಸೇವೆಗೆ ಬಂದು 19 ವರ್ಷವಾಯಿತು, ಯಾವ ಕಡೆ ಹೋಗುತ್ತಿದ್ದೇನೆಂದು ಗೊತ್ತಾಗುತ್ತಿಲ್ಲ

ಕರಾವಳಿಯ ಸಭಾಪಾಲಕ:
ಎಲ್ಲರಿಗೂ ವಂದನೆ. ಉಡುಪಿ ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಪಾಸ್ಟರ್ ಆಗಿದ್ದೇನೆ. ವಯಸ್ಸು 47. ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ಎರಡು ವರ್ಷ.

ಹೋದ ತಿಂಗಳು ನಮ್ಮ ಸಭೆಯ ಅಜ್ಜಿಯೊಬ್ಬರು ತೀರಿಕೊಂಡರು. ಮನೆಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತು ಪ್ರಾರ್ಥನೆ ಶುರು ಮಾಡಿದೆ. ಹೆಸರು ಹೇಳಬೇಕಾದಲ್ಲಿ ಬಾಯಿ ನಿಂತುಹೋಯಿತು. ಕೈಯಲ್ಲಿದ್ದ ಚೀಟಿ ನೋಡಿ ಓದಿದೆ. ಎದುರಿಗೆ ನಿಂತಿದ್ದ ಮಗಳು ಆ ಚೀಟಿಯನ್ನೇ ನೋಡುತ್ತಿದ್ದಳು. ನಾನು ಆ ಮನೆಗೆ ಹೋಗಿದ್ದು ಅದೇ ಮೊದಲು. ಚರ್ಚಿನಿಂದ ಅರ್ಧ ಕಿಲೋಮೀಟರೂ ಇಲ್ಲ. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದರಂತೆ. ಕಿಟಕಿ ಹತ್ತಿರ ಮಂಚ, ಗೋಡೆಯ ಮೊಳೆಯಲ್ಲಿ ದಾರ ಕಟ್ಟಿದ ಕನ್ನಡಕ, ದಿಂಬಿನ ಪಕ್ಕ ರಟ್ಟು ಕಿತ್ತುಹೋದ ಗೀತೆಗಳ ಪುಸ್ತಕ.

ಹಾಗಾದರೆ ಎರಡು ವರ್ಷ ನಾನು ಏನು ಮಾಡಿದೆ? ರಾತ್ರಿ ಡೈರಿ ತೆಗೆದು ನೋಡಿದೆ. ಹಾಲ್ ಬುಕಿಂಗ್, ಅಂಗಡಿ ಬಾಡಿಗೆ, ಕಾಂಪೌಂಡ್ ಗೋಡೆಯ ತಕರಾರು, ಆಡಿಟ್. ಕೆಲವು ವಾರ ನಾಲ್ಕು ಸಂಜೆ ಬರೀ ಮೀಟಿಂಗು. ಯಾವುದೂ ಬೇಡದ ಕೆಲಸ ಅಂತ ಹೇಳಲಾರೆ. ಆದರೆ ದೇವರು ನನ್ನನ್ನು ಕರೆದಿದ್ದು ಇದಕ್ಕೇನಾ?

ಹೊರಗಿನಿಂದ ಒಬ್ಬರನ್ನು ಕರೆಸಿ ಒಂದು ದಿನದ ಶಿಬಿರ ಮಾಡೋಣ, ಸಭೆಗೊಂದು ‘ವಿಷನ್’ ಬರೆಯೋಣ ಅನ್ನುತ್ತಾರೆ ಕಮಿಟಿಯವರು. ಅದರಿಂದ ಆಗುತ್ತಾ? ಇದನ್ನು ದಾಟಿ ಬಂದವರು ಹೇಳಿ. ಪ್ರಾರ್ಥನೆ ಮಾಡುತ್ತಲೇ ಇದ್ದೇನೆ.

ನಿವೃತ್ತ ಅಯ್ಯ, ಧಾರವಾಡ:
ತಮ್ಮಾ, ಬೈಬಲಿನ 1 ಅರಸುಗಳು 19ನೇ ಅಧ್ಯಾಯ ತೆಗೆದು ಓದು. ಎಷ್ಟೋ ಸಲ ಪ್ರಸಂಗ ಮಾಡಿರುತ್ತೀ, ಈ ಸಲ ನಿನಗೋಸ್ಕರ ಓದು. ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದವನನ್ನು ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರು ಅವನನ್ನು ಕೇಳಿದ್ದು, ಇಲ್ಲಿ ಏನು ಮಾಡುತ್ತಿದ್ದೀ ಅಂತ. ಅದನ್ನೇ ಎರಡು ಸಲ ಕೇಳಿದ. ಆಮೇಲೆ ಕೊಟ್ಟಿದ್ದು ಮೂರು ಹೆಸರು. ಹಜಾಯೇಲ, ಯೇಹು, ಎಲೀಷ. ಹೋಗು, ಇವರನ್ನು ಅಭಿಷೇಕಿಸು ಅಂದ.

ನೀನು ಹೆಸರಿಗೇ ತಡವರಿಸಿದೆ ಅಂತ ಬರೆದದ್ದು ಓದಿ ನನಗೆ ಇದೇ ನೆನಪಾಯಿತು. ನನಗೂ ಸೇವೆಯ 20ನೇ ವರ್ಷದಲ್ಲಿ ಹೀಗೇ ಆಗಿತ್ತು. ಮೊದಲು ಒಂದು ವಾರ ರಜ ಹಾಕಿ ಚೆನ್ನಾಗಿ ನಿದ್ದೆ ಮಾಡು. ಆಮೇಲೆ ಒಂದು ನೋಟ್‌ಬುಕ್ ತಗೋ, ಬರೀ ಹೆಸರು ಬರಿ.

ಖಜಾಂಚಿ, ಮಂಗಳೂರು:
ಪಾಸ್ಟರ್, ಕಮಿಟಿಯವನಾಗಿ ಹೇಳುತ್ತೇನೆ, ತಪ್ಪು ನಮ್ಮದೂ ಇದೆ. ಪ್ರತಿ ಚೀಟಿಗೂ ನಿಮ್ಮ ಸಹಿ ಬೇಕು ಅಂತ ನಾವೇ ಕೂರಿಸುತ್ತೇವೆ. ನಮ್ಮ ಮಂಗಳೂರಿನ ಸಭೆಯಲ್ಲಿ ಈಗ ಹಾಲ್, ಬಾಡಿಗೆ, ರಿಪೇರಿ ಎಲ್ಲ ಮೂವರು ಹಿರಿಯರು ನೋಡಿಕೊಳ್ಳುತ್ತಾರೆ. ಪಾಸ್ಟರ್ ಮಂಗಳವಾರ ಒಂದು ಗಂಟೆ ಕೂತು ಸಹಿ ಹಾಕುತ್ತಾರೆ, ಅಷ್ಟೇ. ಮೊದಲ ಆರು ತಿಂಗಳು ಗೊಂದಲ ಆಯಿತು, ಎರಡು ಬಿಲ್ ಎರಡೆರಡು ಸಲ ಪಾವತಿಯೂ ಆಯಿತು. ಆಮೇಲೆ ಸರಿಹೋಯಿತು. ಬೈಬಲಿನ ಅಪೊಸ್ತಲರ ಕೃತ್ಯಗಳು 6ರಲ್ಲಿ ಏಳು ಜನರನ್ನು ಆರಿಸಿದ್ದು ಯಾಕೆ? ದಿನದ ಊಟ ಹಂಚುವಾಗ ಕೆಲವು ವಿಧವೆಯರು ಯಾರ ಕಣ್ಣಿಗೂ ಬೀಳದೆ ಉಳಿದರು ಅಂತ ತಾನೇ. ನಿಮ್ಮ ಅಜ್ಜಿಯ ಹಾಗೇ ಅಲ್ವಾ?

ಇನ್ನೊಂದು ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕ್ರೈಸ್ತರಾಗಿ ಜಾತಿಯ ಕಸುಬು, ಆಸರೆ ಕಳೆದುಕೊಂಡವರ ಹೊಟ್ಟೆಗೆ ದಾರಿ ಬೇಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಮಿಷನರಿಗಳು ಹೋಗಬೇಕಾಯಿತು, ಕಾರ್ಖಾನೆಗಳೂ ಮಿಷನ್ ಕೈ ಬಿಟ್ಟವು. ಸಭೆಗಳು ಮಾತ್ರ ಉಳಿದವು. ನಮ್ಮೂರಿನ ಉಪದೇಶಿಗಳು, ಮನೆಮನೆಗೆ ಹೋಗುತ್ತಿದ್ದ ಹೆಂಗಸರು ಉಳಿಸಿಕೊಂಡರು. ಇವತ್ತು ಆಸ್ತಿ ನೋಡಿಕೊಳ್ಳುವುದೇ ಸೇವೆ ಅಂದುಕೊಂಡಿದ್ದೇವಲ್ಲ, ಅದು ನನಗೆ ಬಹಳ ನೋವು.

ಸ್ತ್ರೀ ಅನ್ಯೋನ್ಯ ಕೂಟದ ಅಕ್ಕ, ಮೈಸೂರು:
ಶಿಬಿರ ಬೇಕಾದರೆ ಆಮೇಲೆ ಮಾಡಿ ಪಾಸ್ಟರ್. ಮೊದಲು ನಿಮ್ಮ ಸಭೆಯ ಹೆಂಗಸರನ್ನು ಕೇಳಿ. ಯಾರ ಮನೆಯಲ್ಲಿ ಮಂಚ ಹಿಡಿದವರಿದ್ದಾರೆ, ಯಾರ ಮಗ ಮನೆಗೆ ಬರುತ್ತಿಲ್ಲ, ಯಾರು ಕಾಣಿಕೆ ಕೊಡಲಾಗದೆ ನಾಚಿಕೆಯಿಂದ ಚರ್ಚು ಬಿಟ್ಟಿದ್ದಾರೆ, ಎಲ್ಲ ಹೇಳುತ್ತಾರೆ. ಕಮಿಟಿಯ ಫೈಲಿನಲ್ಲಿ ಇದು ಇರಲ್ಲ.

ಮತ್ತೆ, ಆ ಮಗಳ ಮನೆಗೆ ಇನ್ನೊಮ್ಮೆ ಹೋಗಿ. ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಚೀಟಿಯ ವಿಷಯಕ್ಕೆ ಕ್ಷಮೆ ಕೇಳಿ. ಆಮೇಲೆ ಸುಮ್ನೆ ಕೂತು ಅವಳ ಮಾತು ಕೇಳಿ.

ಕರಾವಳಿಯ ಸಭಾಪಾಲಕ:
ಅಕ್ಕಾ, ನಿನ್ನೆ ಹೋಗಿದ್ದೆವು. ಒಂದು ಗಂಟೆ ಕೂತೆವು. ಭಾನುವಾರ ಗಂಟೆ ಬಾರಿಸಿದ ಕೂಡಲೇ ಅಜ್ಜಿ ಕಿಟಕಿ ತೆರೆಸಿ, ಕನ್ನಡಕ ಕೇಳಿ ಹಾಕಿಕೊಳ್ಳುತ್ತಿದ್ದರಂತೆ. ನಮ್ಮ ಹಾಡು ಗಾಳಿಗೆ ಅಷ್ಟಿಷ್ಟು ಕೇಳುತ್ತಿತ್ತಂತೆ. ಪುಸ್ತಕದಲ್ಲಿ ಆ ಹಾಡು ಹುಡುಕಿ ಜೊತೆಗೆ ಹೇಳುತ್ತಿದ್ದರಂತೆ. ನಾನು ಎರಡು ವರ್ಷ ನಡೆಸಿದ ಆರಾಧನೆಯಲ್ಲಿ ಅವರು ಇದ್ದರು, ನನಗೆ ಗೊತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಖಜಾಂಚಿಯವರೇ, ನಿಮ್ಮ ಮಂಗಳವಾರದ ಏರ್ಪಾಡನ್ನು ಈ ಭಾನುವಾರ ಕಮಿಟಿ ಮುಂದೆ ಇಡುತ್ತೇನೆ. ಅಯ್ಯನವರೇ, ರಜಕ್ಕೆ ಬರೆದಿದ್ದೇನೆ. ನೋಟ್‌ಬುಕ್ಕನ್ನೂ ತಂದೆ. ನಮ್ಮ ಸಭೆಯ ಹೆಂಗಸರು ಹೇಳಿದ 11 ಹೆಸರು ಅದರಲ್ಲಿವೆ. ಅದರಲ್ಲಿ ನಾಲ್ವರ ಮುಖ ನನಗಿನ್ನೂ ಗೊತ್ತಿಲ್ಲ. ರಜ ಮುಗಿಸಿ ಬಂದ ಬುಧವಾರ ಸಂಜೆ ಆ ನಾಲ್ಕು ಮನೆಗೆ ಮೊದಲು ಹೊರಡುತ್ತೇನೆ.