33ಕ್ಕೆ ಕೆಲಸ ಹೋಯಿತು, ಜರ್ಮನಿಗೆ ಹೋಗಿ ಮತ್ತೆ ಓದುವುದು ಸರಿಯಾ?

ದಾವಣಗೆರೆ_ಮೆಕ್

ಎಲ್ಲರಿಗೂ ನಮಸ್ಕಾರ. ನನಗೆ ಈಗ 33. ವಿಟಿಯುನಲ್ಲಿ ಮೆಕ್ಯಾನಿಕಲ್ ಓದಿದ್ದು, 65% ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಡಿಸೈನ್ ಕೆಲಸ, ದಿನವಿಡೀ ಕ್ಯಾಟಿಯಾ ಅನ್ನೋ ಡಿಸೈನ್ ಸಾಫ್ಟ್‌ವೇರ್, ಕ್ಲೈಂಟ್‌ಗಳೆಲ್ಲ ಯುರೋಪಿನವರು. ಈ ವರ್ಷದ ಶುರುವಿನಲ್ಲಿ ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದರು, ನಮ್ಮ ಕಂಪನಿ ಇಡೀ ಟೀಮನ್ನು ಮನೆಗೆ ಕಳಿಸಿತು. ಅವತ್ತಿನಿಂದ ಇಂಟರ್ವ್ಯೂ ಕೊಡುತ್ತಲೇ ಇದ್ದೇನೆ. ಕೆಲವರು ಅನುಭವ ಜಾಸ್ತಿ ಆಯಿತು ಅಂತಾರೆ, ಕೆಲವರು ಹಳೆಯ ಸಂಬಳದ ಅರ್ಧಕ್ಕೆ ಬನ್ನಿ ಅಂತಾರೆ.

ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎರಡು ವರ್ಷ ಮಾಸ್ಟರ್ಸ್ ಮಾಡಿ ಅಲ್ಲೇ ಆಟೋಮೊಬೈಲ್ ಕೆಲಸ ಹಿಡಿಯೋಣ ಅನ್ನೋ ಯೋಚನೆ. ಊರಿನಲ್ಲಿ ಒಂದು ಸೈಟ್ ಇದೆ, ಅಪ್ಪ ಅದನ್ನು ಮಾರಿ ಹೋಗು ಅನ್ನುತ್ತಿದ್ದಾರೆ. ಮಗಳು ಯುಕೆಜಿ, ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಈ ವಯಸ್ಸಿನಲ್ಲಿ 22ರ ಹುಡುಗರ ಜೊತೆ ಕೂತು ಓದಬಹುದಾ? ಇಷ್ಟು ವರ್ಷದ ಅನುಭವಕ್ಕೆ ಅಲ್ಲಿ ಏನಾದರೂ ಬೆಲೆ ಇದೆಯಾ? ಹೋಗಿ ಬಂದವರು, ಅಲ್ಲೇ ಇರುವವರು ಇದ್ದದ್ದು ಇದ್ದ ಹಾಗೆ ಹೇಳಿ.

ಮಾಗ್ಡೆಬುರ್ಗ್_ಕನ್ನಡಿಗ

ನಾನೂ 30 ದಾಟಿದ ಮೇಲೆಯೇ ಬಂದವನು, ಕೆಲಸ ಕಳೆದುಕೊಂಡೇ ಬಂದವನು. ವಯಸ್ಸಿನ ಬಗ್ಗೆ ಚಿಂತೆ ಬಿಡಿ. ಇಲ್ಲಿ ಕ್ಲಾಸಿನಲ್ಲಿ ಯಾರಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳುವುದಿಲ್ಲ. ಕಷ್ಟ ಇರುವುದು ಬೇರೆ ಕಡೆ.

ಮೊದಲನೆಯದು ದುಡ್ಡು. ಫೀಸ್ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ (ಟಿಯುಎಂ) ಕೂಡ 2024ರ ಚಳಿಗಾಲದ ಸೆಮಿಸ್ಟರಿನಿಂದ ಇಂಥವರಿಗೆ ಫೀಸ್ ಹಾಕಿದೆ, ಮಾಸ್ಟರ್ಸ್‌ಗೆ ಅದು ಇನ್ನೂ ಜಾಸ್ತಿ. ಉಳಿದ ಕಡೆ ಹೆಚ್ಚಾಗಿ ಸೆಮಿಸ್ಟರ್ ಶುಲ್ಕ ಮಾತ್ರ, ಅದು ಪಾಠದ ಫೀಸ್ ಅಲ್ಲ. ಆದರೆ ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ತೋರಿಸಬೇಕು, ಅಂದರೆ ಸುಮಾರು 12 ಲಕ್ಷ. ಅದು ನಿಮ್ಮದೇ ದುಡ್ಡು, ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ವಾಪಸ್ ಬರುತ್ತದೆ. ಒಂದು ವರ್ಷಕ್ಕೆ ಅಷ್ಟೇ. ಎರಡನೇ ವರ್ಷಕ್ಕೆ ನೀವೇ ದಾರಿ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ ಕನ್ಸಲ್ಟೆನ್ಸಿಯವರು ಯಾರೂ ನನಗೆ ಹೇಳಿರಲಿಲ್ಲ. ಸರ್ಕಾರಿ ಆರೋಗ್ಯ ವಿಮೆಯ ಅಗ್ಗದ ವಿದ್ಯಾರ್ಥಿ ದರ 30 ವರ್ಷದವರೆಗೆ ಮಾತ್ರ. ಅದು ದಾಟಿದವರು ಸಾಮಾನ್ಯವಾಗಿ ಖಾಸಗಿ ವಿಮೆಗೆ ಹೋಗಬೇಕಾಗುತ್ತದೆ. ತೀರಾ ಅಗ್ಗದ ಪಾಲಿಸಿ ತೆಗೆದುಕೊಂಡರೆ ಹಲ್ಲು, ಹಳೆಯ ಕಾಯಿಲೆ ಯಾವುದಕ್ಕೂ ದುಡ್ಡು ಕೊಡುವುದಿಲ್ಲ, ಷರತ್ತು ಪೂರ್ತಿ ಓದಿಯೇ ಸಹಿ ಹಾಕಿ. ಶುಗರ್, ಬಿಪಿ ಇದ್ದರಂತೂ ಹೊರಡುವ ಮೊದಲೇ ಕೇಳಿಕೊಳ್ಳಿ.

ನಿಮ್ಮ ಅಂಕದ ಬಗ್ಗೆ: ಇಲ್ಲಿ 1 ಅಂದರೆ ಅತಿ ಒಳ್ಳೆಯದು, 4 ಅಂದರೆ ಪಾಸ್. ಹೊರದೇಶದ ಅಂಕವನ್ನು ಇಲ್ಲಿಯ ಅಂಕಕ್ಕೆ ಬದಲಿಸುವ ಬವೇರಿಯನ್ ಸೂತ್ರದಲ್ಲಿ ಪಾಸ್ ಅಂಕ 40 ಅಂತ ಹಿಡಿದರೆ ನಿಮ್ಮ 65% ಇಲ್ಲಿ 2.75 ಆಗುತ್ತದೆ. ತುಂಬಾ ಕೋರ್ಸ್‌ಗಳು 2.5 ಕೇಳುತ್ತವೆ, ಹಾಗಾಗಿ ಹೆಸರುವಾಸಿ ಜಾಗಗಳು ಕಷ್ಟ. ಅಂಕದ ಕಟ್ ಇಲ್ಲದ ಕೋರ್ಸ್‌ಗಳೂ ಇವೆ, ಅಲ್ಲಿ ನೀವು ಬಿಇನಲ್ಲಿ ಓದಿದ ವಿಷಯಗಳು ಅವರ ವಿಷಯಗಳಿಗೆ ಹೊಂದುತ್ತವಾ ಅಂತ ಒಂದೊಂದಾಗಿ ನೋಡುತ್ತಾರೆ.

ನೆಕ್ಕರ್_ದಂಡೆ

ನಾನು ಸ್ಟುಟ್‌ಗಾರ್ಟ್ ಹತ್ತಿರ ಕೆಲಸ ಮಾಡುತ್ತೇನೆ, ಇದೇ ಆಟೋಮೊಬೈಲ್ ಕ್ಷೇತ್ರ. ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ದಯವಿಟ್ಟು ಕಾರು ಕಂಪನಿಯ ಕೆಲಸ ನಂಬಿಕೊಂಡು ಬರಬೇಡಿ. ನಿಮ್ಮ ಬೆಂಗಳೂರಿನ ಟೀಮ್ ಯಾಕೆ ಹೋಯಿತೋ ಅದೇ ಕಾರಣಕ್ಕೆ ಇಲ್ಲಿಯ ಟೀಮ್‌ಗಳೂ ಹೋಗುತ್ತಿವೆ. ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಆಗಬೇಕು. ಕಾರಿನ ಬಿಡಿಭಾಗ ಮಾಡುವ ಝಡ್‌ಎಫ್ 2028ರೊಳಗೆ 14,000ದವರೆಗೆ ಅಂತ ಹೇಳಿದೆ. ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಅಂದಿತು. ಇಪ್ಪತ್ತು ವರ್ಷ ಅನುಭವ ಇರುವ, ಇದೇ ಭಾಷೆ ಮಾತಾಡಿ ಬೆಳೆದ ಎಂಜಿನಿಯರ್‌ಗಳೂ ಇಲ್ಲಿ ಕೆಲಸ ಹುಡುಕುತ್ತಿದ್ದಾರೆ. ನೀವು ಕೋರ್ಸ್ ಮುಗಿಸಿ ಹೊರಗೆ ಬರುವಾಗ ಅವರ ಪಕ್ಕದಲ್ಲೇ ಸಾಲಿನಲ್ಲಿ ನಿಲ್ಲುತ್ತೀರಿ.

ಹಾಗಂತ ಬರಲೇಬೇಡಿ ಅನ್ನುವುದಿಲ್ಲ. ನಿಮಗೆ ಗೊತ್ತಿರುವುದು ಭಾಗಗಳ ಡಿಸೈನ್, ಅದು ಕಾರಿಗೇ ಅಂಟಿಕೊಂಡ ವಿದ್ಯೆ ಅಲ್ಲ. ರೈಲು, ವಿದ್ಯುತ್ ಜಾಲದ ಉಪಕರಣ, ಪ್ಯಾಕೇಜಿಂಗ್ ಯಂತ್ರ, ಆಸ್ಪತ್ರೆ ಉಪಕರಣ ಇವನ್ನೆಲ್ಲ ನೋಡಿ. ಟುಟ್‌ಲಿಂಗೆನ್ ಅಂತ ಒಂದು ಸಣ್ಣ ಊರಿದೆ, ಅಲ್ಲಿ ಮತ್ತು ಸುತ್ತಮುತ್ತ ಆಪರೇಷನ್ ಉಪಕರಣ ಮಾಡುವ ಕಂಪನಿಗಳು ನೂರಾರು ಇವೆ. ಇಂಥ ಕಂಪನಿಗಳ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ನಮ್ಮವರು ಅರ್ಜಿಯನ್ನೂ ಹಾಕುವುದಿಲ್ಲ.

ಆದರೆ ಅಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಫ್ಯಾಕ್ಟರಿಯವರ ಜೊತೆ, ಸಪ್ಲೈಯರ್ ಜೊತೆ ಎಲ್ಲ ಜರ್ಮನ್. ಕೋರ್ಸ್ ಇಂಗ್ಲಿಷಿನಲ್ಲಿದೆ, ಭಾಷೆ ಅಲ್ಲಿಗೆ ಹೋಗಿ ಕಲಿಯೋಣ ಅಂತ ಬಂದವರು ಎರಡು ವರ್ಷ ಅಸೈನ್‌ಮೆಂಟ್, ಪಾರ್ಟ್ ಟೈಮ್ ಕೆಲಸ ಅಂತ ಓಡಾಡಿ ಎ2ನಲ್ಲೇ (ಭಾಷೆಯ ಮಟ್ಟಗಳು ಎ1, ಎ2, ಬಿ1 ಹೀಗೆ ಮೇಲೆ ಹೋಗುತ್ತವೆ) ನಿಂತಿರುವುದನ್ನು ತುಂಬಾ ನೋಡಿದ್ದೇನೆ. ನಿಮಗೆ ಈಗ ಸಮಯ ಇದೆ. ಬಿ1 ಬೆಂಗಳೂರಿನಲ್ಲೇ ಮುಗಿಸಿ. ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸ್ ಇದೆ, ಆನ್‌ಲೈನ್ ಕೂಡ ಇದೆ. ನಿಮ್ಮ ಅನುಭವಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ಅದನ್ನು ಅವರ ಭಾಷೆಯಲ್ಲಿ ಕೂತು ವಿವರಿಸಿ ಹೇಳಲು ಬಂದರೆ ಮಾತ್ರ. ಓದುವಾಗ ಹೋಟೆಲ್, ಗೋದಾಮು ಅಂತ ಹೋಗದೆ ನಿಮ್ಮದೇ ಕ್ಷೇತ್ರದ ಪಾರ್ಟ್ ಟೈಮ್ ಕೆಲಸ ಸಿಗುವುದೂ ಇದರ ಮೇಲೆಯೇ ನಿಂತಿದೆ.

ಮೈಸೂರು_ಮನೆ

ಅಣ್ಣ, ನಾನು ಓದಲು ಹೋದವಳಲ್ಲ, ಹೋದವರ ಮನೆಯವಳು. ನಮ್ಮವರು 34ಕ್ಕೆ ಹೋದರು. ನಿಮ್ಮ ಪೋಸ್ಟಿನಲ್ಲಿ ಅಪ್ಪ ಏನು ಹೇಳಿದರು ಅಂತ ಇದೆ, ಅತ್ತಿಗೆ ಏನು ಹೇಳಿದರು ಅಂತ ಇಲ್ಲ. ಅವರನ್ನು ಮೊದಲು ಕೇಳಿ. ಹಿಂದೆ ಉಳಿಯುವವರ ಮೇಲೆ ಮಗು, ಅತ್ತೆ ಮಾವನ ಆಸ್ಪತ್ರೆ, ಬ್ಯಾಂಕಿನ ಕೆಲಸ ಎಲ್ಲ ಬೀಳುತ್ತದೆ. ಮದುವೆ ಮನೆಗೆ ಹೋದರೆ ನಿಮ್ಮ ಯಜಮಾನರಿಗೆ ಕೆಲಸ ಹೋಯಿತಂತೆ ಅಂತ ಶುರು ಮಾಡುವವರಿಗೆ ಉತ್ತರ ಕೊಡುವುದೂ ನಾವೇ. ನಾನು ಗಟ್ಟಿಯಾಗಿದ್ದೆ, ಆದರೂ ಮೊದಲ ಚಳಿಗಾಲದಲ್ಲಿ ಅವರ ಫೋನ್ ಬಂದಾಗಲೆಲ್ಲ ಇಬ್ಬರೂ ಚೆನ್ನಾಗಿದ್ದೀವಿ ಅಂತ ಸುಳ್ಳು ಹೇಳಿಕೊಳ್ಳುತ್ತಿದ್ದೆವು. ಅದು ಯಾರಿಗೂ ಬೇಡ.

ಸೈಟ್ ಮಾರಬೇಡಿ. ಖಾತೆ, ಲೇಔಟ್ ಅಪ್ರೂವಲ್ ಸರಿ ಇದ್ದರೆ ಅದನ್ನು ಅಡ ಇಟ್ಟು ಶಿಕ್ಷಣ ಸಾಲ ತೆಗೆಯಿರಿ. ಕಂತು ಶುರುವಾಗುವುದು ಸಾಮಾನ್ಯವಾಗಿ ಕೋರ್ಸ್ ಮುಗಿದು ಆರು ತಿಂಗಳೋ ಒಂದು ವರ್ಷವೋ ಆದ ಮೇಲೆ. ಬಡ್ಡಿ ಮಾತ್ರ ದುಡ್ಡು ತೆಗೆದ ದಿನದಿಂದಲೇ ಬೆಳೆಯುತ್ತದೆ, ಆಗುವಷ್ಟು ಬಡ್ಡಿಯನ್ನು ಆಗಾಗಲೇ ಕಟ್ಟುತ್ತಾ ಹೋದರೆ ಆಮೇಲೆ ಭಾರ ಆಗುವುದಿಲ್ಲ.

ದಾವಣಗೆರೆ_ಮೆಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನ ಅಕ್ಕ ಹೇಳಿದ ಮೇಲೆ ನಿನ್ನೆ ರಾತ್ರಿ ಹೆಂಡತಿಯ ಹತ್ತಿರ ಕೂತು ಮಾತಾಡಿದೆ. ಹೋಗುವುದಾದರೆ ಒಬ್ಬರೇ ಎರಡು ವರ್ಷ ಇರುವುದು ಬೇಡ, ಆರು ತಿಂಗಳಾದ ಮೇಲೆ ನಾನೂ ಮಗಳೂ ಬರುತ್ತೇವೆ ಅಂದಳು. ಅದು ಆಗುತ್ತಾ? ಇನ್ನೊಂದು, ಕನ್ಸಲ್ಟೆನ್ಸಿಯವರು ಬರ್ಲಿನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯ ತೋರಿಸಿ, ಅಂಕ ನೋಡುವುದಿಲ್ಲ, ಒಂದು ವಾರದಲ್ಲಿ ಅಡ್ಮಿಷನ್ ಅಂತಿದ್ದಾರೆ. ಓದದೆ ನೇರವಾಗಿ ಕೆಲಸ ಹುಡುಕಲು ಹೋಗುವ ಕಾರ್ಡ್ ಬಂದಿದೆಯಂತಲ್ಲ, ಅದು ಏನು?

ಮಾಗ್ಡೆಬುರ್ಗ್_ಕನ್ನಡಿಗ

ಖಾಸಗಿ ಬೇಡವೇ ಬೇಡ. ವರ್ಷಕ್ಕೆ ಹತ್ತು ಸಾವಿರ ಯೂರೋ ಕೊಟ್ಟು ಓದುವುದಾದರೆ ಜರ್ಮನಿಗೆ ಬರುವ ಅರ್ಥವೇ ಇಲ್ಲ, ಅಲ್ವಾ? ಸೀಟು ಕೊಡಿಸಿದ್ದಕ್ಕೆ ಕನ್ಸಲ್ಟೆನ್ಸಿಯವರಿಗೆ ಕಮಿಷನ್ ಸಿಗುತ್ತದೆ, ಸರ್ಕಾರಿ ಕಡೆಯಿಂದ ಸಿಗುವುದಿಲ್ಲ.

ಹೆಂಡತಿ ಬರಬಹುದು, ಅವರಿಗೆ ಕೆಲಸ ಮಾಡುವ ಹಕ್ಕೂ ಇರುತ್ತದೆ. ಆದರೆ ನೀವು ವಿದ್ಯಾರ್ಥಿ ವೀಸಾದಲ್ಲಿದ್ದರೆ ಅವರಿಗೆ ಜರ್ಮನ್ ಎ1 ಬೇಕು, ಮೂವರಿಗೆ ಸಾಕಾಗುವ ದುಡ್ಡು ಮತ್ತು ಮನೆ ತೋರಿಸಬೇಕು. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾತ್ರ ಕೆಲಸ. 2026ರಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಲೆಕ್ಕ ಹಾಕಿ ನೋಡಿ, ಒಬ್ಬರಿಗೆ ಸಾಕು, ಮೂವರಿಗೆ ಆಗುವುದಿಲ್ಲ. ಆರು ತಿಂಗಳು ಅನ್ನುವುದನ್ನು ಒಂದು ವರ್ಷ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಅವರೂ ಎ1 ಮುಗಿಸಲಿ.

ನೀವು ಕೇಳಿದ ಕಾರ್ಡ್ ಹೆಸರು ಶಾನ್ಸೆನ್‌ಕಾರ್ಟೆ, 2024ರ ಜೂನ್‌ನಿಂದ ಇದೆ. ಒಂದು ವರ್ಷದವರೆಗೆ ಇಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ಮಾಡಬಹುದು. 6 ಅಂಕ ಬೇಕು. 35 ದಾಟಿಲ್ಲದವರಿಗೆ 2, ಕಳೆದ ಏಳು ವರ್ಷದಲ್ಲಿ ಐದು ವರ್ಷ ಅದೇ ಕ್ಷೇತ್ರದ ಅನುಭವಕ್ಕೆ 3, ಜರ್ಮನ್ ಎ2ಗೆ 1, ಬಿ1 ಇದ್ದರೆ 2. ಎ2 ಮುಗಿಸಿದರೆ ನಿಮಗೆ 6 ಬರುತ್ತದೆ. ಇಲ್ಲೂ ಖರ್ಚಿಗೆ ದುಡ್ಡು ತೋರಿಸಬೇಕು. ನಾನು ನಿಮ್ಮ ಜಾಗದಲ್ಲಿದ್ದರೂ ಓದುವ ದಾರಿಯನ್ನೇ ಹಿಡಿಯುತ್ತಿದ್ದೆ. ಒಂದು ವರ್ಷದಲ್ಲಿ ಕೆಲಸ ಸಿಗದಿದ್ದರೆ ಕಾರ್ಡಿನವರು ಖಾಲಿ ಕೈಯಲ್ಲಿ ವಾಪಸ್. ಡಿಗ್ರಿ ಮಾಡಿದವರಿಗೆ ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಅಕ್ಟೋಬರ್ ಸೆಮಿಸ್ಟರಿಗೆ ಎಷ್ಟೋ ಕಡೆ ಜುಲೈ 15 ಕೊನೆಯ ದಿನ, ಕೆಲವು ಕಡೆ ಮಾರ್ಚ್‌ಗೇ ಮುಗಿಯುತ್ತದೆ. ಅದಕ್ಕೂ ಮೊದಲು ನಿಮ್ಮ ಡಿಗ್ರಿ ಪತ್ರಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು, 18,000 ರೂಪಾಯಿ. ಅದಿಲ್ಲದೆ ವೀಸಾ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಎಂಟು ಸೆಮಿಸ್ಟರಿನ ಅಂಕಪಟ್ಟಿಯೂ ಕೈಯಲ್ಲಿದೆಯಾ ಇವತ್ತೇ ನೋಡಿ. ಒಂದು ಕಳೆದುಹೋಗಿದ್ದರೂ ಬೆಳಗಾವಿಯ ವಿಟಿಯುನಿಂದ ಡುಪ್ಲಿಕೇಟ್ ತರಿಸಲು ಸಮಯ ಹಿಡಿಯುತ್ತದೆ.